ಲೆಕ್ಕ ಶುರುವಾಗಬೇಕಾದ್ದು ಬಿತ್ತನೆಗೆ ಮೊದಲು

ನಮ್ಮ ಅಬ್ಬಾ ಬೂದಿಕೋಟೆಯ ಹತ್ತಿರ ಎರಡು ಎಕರೆ ಖುಷ್ಕಿ ಹೊಲದಲ್ಲಿ ರಾಗಿ ಬೆಳೆಯುತ್ತಾರೆ. ಅವರು ಓದಿದ್ದು ಏಳನೇ ತರಗತಿ. ಆದರೆ ಲೆಕ್ಕ ಬರೆಯುವುದರಲ್ಲಿ ನಮ್ಮ ಬೀದಿಯಲ್ಲಿ ಅವರನ್ನು ಮೀರಿಸುವವರಿಲ್ಲ. ಮಳೆ ಬಿದ್ದ ದಿನ, ಬಿತ್ತಿದ ದಿನ, ಹಾಕಿದ ಗೊಬ್ಬರ, ಕೊಟ್ಟ ಕೂಲಿ, ಕಣದಲ್ಲಿ ತೂಗಿದ ಮೂಟೆ ಎಲ್ಲವೂ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಇರುತ್ತವೆ. ಅಂಥವರೂ ತಮ್ಮದೇ ಲೆಕ್ಕದಿಂದ ಮೋಸ ಹೋದರು. ಅದು ಹೇಗಾಯಿತು, ಅದಕ್ಕೂ ನಮ್ಮ ಕಾಲೇಜಿಗೂ ಏನು ಸಂಬಂಧ ಎಂದು ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಯಾರೋ ಹೊಸ ಪುಡಿಯೊಂದರ ಬಗ್ಗೆ ಅಬ್ಬಾಗೆ ಹೇಳಿದರು. ಗೊಬ್ಬರದ ಜೊತೆ ಬೆರೆಸಿ ಹಾಕಿದರೆ ರಾಗಿ ತೆನೆ ಚೆನ್ನಾಗಿ ಕಟ್ಟುತ್ತದಂತೆ. ಅಬ್ಬಾ ಎಲ್ಲವನ್ನೂ ನಂಬಿ ಬಿಡುವವರಲ್ಲ, ಪರೀಕ್ಷೆ ಮಾಡಿಯೇ ನೋಡೋಣ ಎಂದುಕೊಂಡರು. ಎರಡು ಎಕರೆಯಲ್ಲಿ ಒಂದು ಎಕರೆಗೆ ಪುಡಿ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ. ಪುಡಿ ಹಾಕಿದ ಎಕರೆಯಲ್ಲಿ ಹತ್ತು ಕ್ವಿಂಟಾಲ್ ಬಂತು, ಹಾಕದ ಎಕರೆಯಲ್ಲಿ ಏಳು. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಮೂರು ಕ್ವಿಂಟಾಲ್ ಲಾಭ ಎಂದು ಚಾಚಾಗೂ ಅಕ್ಕಪಕ್ಕದ ಇಬ್ಬರಿಗೂ ಹೇಳಿದರು. ಮುಂದಿನ ವರ್ಷ ನಾಲ್ಕು ಮನೆಯವರೂ ಸಾಲ ಮಾಡಿ ಪುಡಿ ತಂದರು.

ಆ ವರ್ಷ ಮಳೆ ಹಿಂದಿನ ವರ್ಷದ ಹಾಗೆಯೇ ಇತ್ತು. ಎರಡೂ ಎಕರೆಗೆ ಪುಡಿ ಬಿದ್ದಿತ್ತು. ಕೆಳಗಿನ ಎಕರೆಯಲ್ಲಿ ಹತ್ತು ಕ್ವಿಂಟಾಲ್ ಬಂತು, ಮೇಲಿನ ಎಕರೆಯಲ್ಲಿ ಏಳು. ಮತ್ತೆ ಅದೇ ಹತ್ತು, ಅದೇ ಏಳು.

ಆ ಸಂಜೆ ಅಬ್ಬಾ ನೋಟ್‌ಬುಕ್ ಮುಂದಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ದುಡ್ಡು ಹೋದದ್ದಕ್ಕಿಂತ, ತಮ್ಮ ಮಾತು ಕೇಳಿ ಮೂರು ಮನೆಯವರು ಸಾಲ ಮಾಡಿದರಲ್ಲ, ಅದು ಅವರನ್ನು ಕೊರೆಯುತ್ತಿತ್ತು. ಕೃಷಿ ಎಂ.ಎಸ್ಸಿ. ಓದುತ್ತಿದ್ದ ಆಪಾ ಆಗ ರಜೆಗೆ ಮನೆಗೆ ಬಂದಿದ್ದಳು. ಅಬ್ಬಾ ಅವಳನ್ನು ಕೇಳಿದರು: "ನಾನು ಒಂದು ಸೇರೂ ಸುಳ್ಳು ಬರೆದಿಲ್ಲ ಬೇಟಿ. ನನ್ನ ಹೊಲವೇ ನನಗೆ ಸುಳ್ಳು ಹೇಳಿತಾ?"

ಆಪಾ ಹೇಳಿದಳು: "ಹೊಲ ಸುಳ್ಳು ಹೇಳಿಲ್ಲ ಅಬ್ಬಾ. ನೀವು ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರ ಕೊಟ್ಟಿದೆ. ಕೆಳಗಿನ ಎಕರೆ ಮೇಲೋ, ಮೇಲಿನ ಎಕರೆ ಮೇಲೋ ಅಂತ ನೀವು ಕೇಳಿದ್ದೀರಿ. ಪುಡಿ ಬಗ್ಗೆ ನೀವು ಕೇಳಲೇ ಇಲ್ಲ."

ನಮ್ಮ ಹೊಲ ಕೆರೆಯ ಕಡೆಗೆ ಇಳಿಜಾರಾಗಿದೆ. ಕೆಳಗಿನ ಎಕರೆಯಲ್ಲಿ ಗೋಡು ಮಣ್ಣಿದೆ, ತೇವ ನಾಲ್ಕು ದಿನ ಹೆಚ್ಚು ನಿಲ್ಲುತ್ತದೆ. ಮೇಲಿನದು ಗರಸು ನೆಲ. ದಾರಿಗೆ ಹತ್ತಿರ, ಹೊರಲು ಸುಲಭ ಎಂದು ಅಬ್ಬಾ ಪುಡಿಯನ್ನು ಕೆಳಗಿನ ಎಕರೆಗೆ ಹಾಕಿದ್ದರು. ಮಣ್ಣಿನ ಗುಣ ಪುಡಿಯ ಹೆಸರಿಗೆ ಜಮೆಯಾಯಿತು.

ಇದನ್ನು ಆಪಾ ಕಂಡುಹಿಡಿದದ್ದು ಹೇಗೆ? ಕೃಷಿ ಕಾಲೇಜಿನಲ್ಲಿ ಅವಳಿಗೂ ಸಂಖ್ಯಾಶಾಸ್ತ್ರದ ಪಾಠ ಇತ್ತು. ಸೂತ್ರ ಬಾಯಿಪಾಠ ಮಾಡಿ ಪಾಸಾಗಿದ್ದಳು, ಅಷ್ಟೇ. ನಿಜವಾಗಿ ಅರ್ಥವಾದದ್ದು ಆ ರಜೆಯಲ್ಲಿ, ಕೃಷಿ ಸಂಶೋಧಕರಿಗಾಗಿ ನಡೆದ ನಾಲ್ಕು ವಾರಗಳ ಆನ್‌ಲೈನ್ ತರಬೇತಿಯಲ್ಲಿ. ಇಂಥ ತರಬೇತಿಗೆ ದೆಹಲಿಗೋ ಹೈದರಾಬಾದಿಗೋ ಹೋಗಿ ಹತ್ತು ದಿನ ಇರಬೇಕಾಗಿದ್ದರೆ ಅವಳಿಗೆ ಆಗುತ್ತಿರಲಿಲ್ಲ. ಖರ್ಚೂ ಇರಲಿಲ್ಲ, ಮನೆಯಲ್ಲಿ ಅಮ್ಮಿಗೆ ಆರೋಗ್ಯವೂ ಇರಲಿಲ್ಲ. ಫೋನ್ ಇದ್ದದ್ದರಿಂದ ಆಯಿತು. ಮನೆಯೊಳಗೆ ನೆಟ್‌ವರ್ಕ್ ಬಾರದ ಕಾರಣ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತು ಕೇಳುತ್ತಿದ್ದಳು. ಅದೇ ಫೋನಿನಲ್ಲಿ ನನ್ನ ಟ್ಯೂಷನ್ನೂ ಇದ್ದದ್ದರಿಂದ ನಾವಿಬ್ಬರೂ ಜಗಳವಾಡಿದ್ದೂ ಉಂಟು.

ಆ ತರಬೇತಿಯ ಮೂರನೇ ವಾರ ಆಪಾ ಫೋನ್ ಪಕ್ಕಕ್ಕಿಟ್ಟು ಸುಮ್ಮನೆ ಕೂತಳು. ಅವಳ ಪ್ರಬಂಧದ ಪ್ರಯೋಗದಲ್ಲಿ ನಾಲ್ಕು ಬಗೆಯ ಗೊಬ್ಬರ ಕ್ರಮಗಳಿದ್ದವು, ಮೂರು ಸಾಲು ತಾಕುಗಳಿದ್ದವು. ಆಳುಗಳಿಗೆ ಗೊಂದಲ ಆಗಬಾರದೆಂದು ಮೂರೂ ಸಾಲಿನಲ್ಲಿ ಒಂದೇ ಕ್ರಮದಲ್ಲಿ, ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಹಾಕಿಸಿದ್ದಳು. ನಾಲ್ಕನೆಯ ಗೊಬ್ಬರ ಯಾವಾಗಲೂ ಬಲ ತುದಿಗೆ, ಕಾಲುವೆಯ ಪಕ್ಕಕ್ಕೆ ಬಂದಿತ್ತು. ಅಬ್ಬಾ ಮಾಡಿದ ತಪ್ಪನ್ನೇ ಎಂ.ಎಸ್ಸಿ. ವಿದ್ಯಾರ್ಥಿನಿಯೂ ಮಾಡಿದ್ದಳು. ಅಬ್ಬಾ ನೋಟ್‌ಬುಕ್ಕಿನಲ್ಲಿ ಮಾಡಿದ್ದನ್ನು ಅವಳು ಕಂಪ್ಯೂಟರಿನಲ್ಲಿ ಮಾಡಿದ್ದಳು. ಬೆಳೆ ಕಟಾವಾಗಿ ಹೋಗಿತ್ತು. ಇನ್ನೊಂದು ಹಂಗಾಮು ಪ್ರಯೋಗ ಮಾಡಬೇಕಾಯಿತು. ಒಂದು ವರ್ಷ ತಡವಾಯಿತು, ಆ ವರ್ಷದ ಖರ್ಚಿಗೆ ಮನೆಯ ಎರಡು ಕುರಿ ಮಾರಿದೆವು.

ತಪ್ಪು ಎಲ್ಲಿದೆ ಎಂದು ತರಬೇತಿ ಅವಳಿಗೆ ತೋರಿಸಿತು. ಆದರೆ ತೋರಿಸಿದ್ದು ಕಟಾವಾದ ಮೇಲೆ.

ಈ ಮಾತು ಹೊಸದಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಹೊಲದ ಪ್ರಯೋಗಗಳು ನಡೆಯುತ್ತಿವೆ. 1919ರಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿದ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ ಆ ಪ್ರಯೋಗಗಳ ಲೆಕ್ಕ ನೋಡುತ್ತಾ ಮೂರು ನಿಯಮಗಳನ್ನು ಗಟ್ಟಿ ಮಾಡಿದ. ಒಂದೇ ತಾಕಿನಿಂದ ತೀರ್ಮಾನಿಸಬೇಡಿ, ಪ್ರಯೋಗವನ್ನು ಹಲವು ತಾಕುಗಳಲ್ಲಿ ಪುನರಾವರ್ತಿಸಿ. ಒಂದೇ ತರಹದ ನೆಲವನ್ನು ಒಂದು ಗುಂಪು ಮಾಡಿ, ಆ ಗುಂಪಿನೊಳಗೇ ಹೋಲಿಸಿ. ಯಾವ ತಾಕಿಗೆ ಯಾವುದು ಎಂಬುದನ್ನು ನಿಮ್ಮ ಇಷ್ಟಕ್ಕೆ ಬಿಡಬೇಡಿ, ಚೀಟಿ ಎತ್ತಿ ನಿರ್ಧರಿಸಿ. 1938ರಲ್ಲಿ ಫಿಶರ್ ನಮ್ಮ ದೇಶಕ್ಕೇ ಬಂದು, ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಹೇಳಿದ ಮಾತಿನ ಸಾರ ಇಷ್ಟು: ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಹತ್ತಿರ ಹೋಗುವುದೆಂದರೆ ಶವಪರೀಕ್ಷೆ ಮಾಡಿಸಿದಂತೆ. ಪ್ರಯೋಗ ಯಾವ ಕಾಯಿಲೆಯಿಂದ ಸತ್ತಿತು ಎಂದು ಅವನು ಹೇಳಬಹುದು, ಬದುಕಿಸಲಾರ.

ನಮ್ಮ ದೇಶ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಕೃಷಿ ಸಂಶೋಧನಾ ಮಂಡಳಿಯಲ್ಲಿ ಸಂಖ್ಯಾಶಾಸ್ತ್ರ ವಿಭಾಗ 1930ರಲ್ಲೇ ಶುರುವಾಯಿತು. ಇಂದು ದೆಹಲಿಯಲ್ಲಿರುವ ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆಯ ಬೇರು ಅದೇ. ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಪಾನ್ಸೆ ಮತ್ತು ಸುಖಾತ್ಮೆ ಕೃಷಿ ಕೆಲಸಗಾರರಿಗಾಗಿಯೇ ಬರೆದ ಸಂಖ್ಯಾಶಾಸ್ತ್ರದ ಪುಸ್ತಕ 1954ರಲ್ಲಿ ಬಂತು, ಕೃಷಿ ವಿದ್ಯಾರ್ಥಿಗಳು ಅದನ್ನು ಈಗಲೂ ಹುಡುಕಿ ಓದುತ್ತಾರೆ. ಕೊರತೆ ಇದ್ದದ್ದು ಜ್ಞಾನದ್ದಲ್ಲ. ದೊಡ್ಡ ಊರುಗಳಲ್ಲಿದ್ದ ಜ್ಞಾನ ಸಣ್ಣ ಊರಿನ ಹೊಲದವರೆಗೆ ಬರಲು ದಾರಿ ಇರಲಿಲ್ಲ.

ಆ ದಾರಿಯನ್ನು ಇಂಟರ್ನೆಟ್ ಈಗ ಅರ್ಧ ತೆರೆದಿದೆ. ಹಿಂದೆ ಇಂಥ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗೆ ದೊಡ್ಡ ದುಡ್ಡು ಕೊಡಬೇಕಿತ್ತು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು 1990ರ ದಶಕದಲ್ಲಿ ಹುಟ್ಟುಹಾಕಿದ 'ಆರ್' ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಅದರೊಳಗೆ ಹೊಲದ ಪ್ರಯೋಗಗಳಿಗೆಂದೇ 'ಅಗ್ರಿಕೊಲೇ' ಎಂಬ ಭಾಗವನ್ನು ಬರೆದವರು ಪೆರು ದೇಶದ ಕೃಷಿ ವಿಶ್ವವಿದ್ಯಾಲಯವೊಂದರ ಅಧ್ಯಾಪಕರು. ಆಲೂಗಡ್ಡೆಯ ತವರಿನಿಂದ ಬಂದ ಉಡುಗೊರೆಯನ್ನು ನಮ್ಮ ರಾಗಿಗೂ ಬಳಸಬಹುದು. ನಮ್ಮ ದೇಶದಲ್ಲೇ ಹಿಸಾರ್‌ನ ಹರಿಯಾಣ ಕೃಷಿ ವಿಶ್ವವಿದ್ಯಾಲಯದಿಂದ 'ಆಪ್‌ಸ್ಟ್ಯಾಟ್', ಗೋವಾದ ಕೃಷಿ ಸಂಶೋಧನಾ ಕೇಂದ್ರದಿಂದ 'ವಾಸ್ಪ್', ಪಕ್ಕದ ಕೇರಳ ಕೃಷಿ ವಿಶ್ವವಿದ್ಯಾಲಯದಿಂದ 'ಗ್ರೇಪ್ಸ್' ಬಂದಿವೆ. ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಕಾಸು ಕೊಡದೆ ಬಳಸಬಹುದು. ಪಾಠಕ್ಕೂ ಬರವಿಲ್ಲ. 2017ರ ಜುಲೈನಲ್ಲಿ ಶುರುವಾದ 'ಸ್ವಯಂ' ತಾಣದಲ್ಲಿ ಸಂಖ್ಯಾಶಾಸ್ತ್ರದ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ಕೇಳಬಹುದು, ಪ್ರಮಾಣಪತ್ರಕ್ಕೆ ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. ಆಪಾಳ ಬ್ಯಾಚಿನಲ್ಲಿ ಆಫ್ರಿಕಾದವರೂ ಇದ್ದರು. ನಾವು ದಿನಾ ತಿನ್ನುವ ಮುದ್ದೆಯ ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ನೆಲದ ಬೆಳೆ. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಸೇರಿವೆ. ಜನ ಪ್ರೀತಿಯಿಂದ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದರು. ಒಂದು ತಳಿ ಇನ್ನೊಂದಕ್ಕಿಂತ ಮೇಲು ಎಂದು ಹೇಳಬೇಕಾದರೆ ಹಲವು ತಾಕುಗಳಲ್ಲಿ ಹಲವು ಹಂಗಾಮು ಬೆಳೆದು ತೂಗಿ ನೋಡಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಪಿಯು 28 ತಳಿಯನ್ನು ಬೆಂಕಿ ರೋಗ ತಡೆಯುತ್ತದೆ ಎಂದು ನಂಬಿ ನಮ್ಮವರು ಬಿತ್ತುತ್ತಾರಲ್ಲ, ಆ ನಂಬಿಕೆಯ ಹಿಂದೆ ಇರುವುದೂ ಇಂಥ ಲೆಕ್ಕವೇ.

ಹಾಗಾದರೆ ಆನ್‌ಲೈನ್ ತರಬೇತಿ ಬಂದಾಯಿತು, ಇನ್ನೇನು ಬೇಕು ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಮೂರು ಕೊರತೆಗಳಿವೆ.

ಮೊದಲನೆಯದು, ಹೆಚ್ಚಿನವರು ತರಬೇತಿಗೆ ಸೇರುವುದು ಅಂಕಿಅಂಶ ಕೈಗೆ ಬಂದ ಮೇಲೆ. ಪ್ರಬಂಧ ಒಪ್ಪಿಸಲು ಎರಡು ತಿಂಗಳಿದೆ, ಕಂಪ್ಯೂಟರಿನಲ್ಲಿ ಯಾವ ಬಟನ್ ಒತ್ತಬೇಕು ಹೇಳಿಕೊಡಿ ಎಂದು ಬರುತ್ತಾರೆ. ಅಂಕಿ ಅಂಟಿಸಿದರೆ ಆ ತಾಣಗಳು ಒಂದು ನಿಮಿಷದಲ್ಲಿ ಕೋಷ್ಟಕ ಕೊಡುತ್ತವೆ, ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ನಕ್ಷತ್ರದ ಗುರುತನ್ನೂ ಹಾಕುತ್ತವೆ. ಆದರೆ ಚೀಟಿ ಎತ್ತಿದ್ದೀಯಾ, ನಿನ್ನ ನಾಲ್ಕನೆಯ ತಾಕು ಯಾವಾಗಲೂ ಕಾಲುವೆ ಪಕ್ಕ ಯಾಕಿದೆ ಎಂದು ಯಾವ ಸಾಫ್ಟ್‌ವೇರೂ ಕೇಳುವುದಿಲ್ಲ. ಅಬ್ಬಾನ ಹತ್ತು ಮತ್ತು ಏಳನ್ನು ಕೊಟ್ಟರೂ ಅದು ಮೂರು ಎಂದೇ ಕಳೆದು ಕೊಡುತ್ತದೆ.

ಎರಡನೆಯದು, ಕೇಳಲು ಒಬ್ಬ ಮನುಷ್ಯ ಬೇಕು. ಆಪಾಳ ತರಬೇತಿಯಲ್ಲಿ ವಿಡಿಯೊಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಶನಿವಾರ ಸಂಜೆಯ ಒಂದು ಗಂಟೆ. ಆಗ ಮೇಷ್ಟ್ರು ನೇರವಾಗಿ ಬಂದು ಅವರವರ ಪ್ರಯೋಗದ ನಕ್ಷೆ ನೋಡಿ ಪ್ರಶ್ನೆ ಹಾಕುತ್ತಿದ್ದರು. ತನ್ನ ತಪ್ಪು ಅವಳಿಗೆ ಹೊಳೆದದ್ದು ಅಂಥ ಒಂದು ಪ್ರಶ್ನೆಯಿಂದಲೇ. ವಿಡಿಯೊ ಹಾಕಿ, ಸದ್ದು ನಿಲ್ಲಿಸಿ, ಬೇರೆ ಕೆಲಸ ನೋಡಿಕೊಂಡು ಕೊನೆಗೆ ಪ್ರಮಾಣಪತ್ರ ತೆಗೆದುಕೊಂಡವರೂ ಆ ಬ್ಯಾಚಿನಲ್ಲಿ ಇದ್ದರಂತೆ. ಅರ್ಜಿಗೆ ಲಗತ್ತಿಸಲು ಅದು ಆದೀತು. ಹೊಲಕ್ಕೆ ಆಗುವುದಿಲ್ಲ.

ಮೂರನೆಯದು ಭಾಷೆ. ನಮ್ಮ ಮನೆಯ ಮಾತು ಉರ್ದು, ಶಾಲೆಯಲ್ಲಿ ಕಲಿತದ್ದು ಕನ್ನಡ, ತರಬೇತಿ ನಡೆದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ರ‍್ಯಾಂಡಮೈಸೇಶನ್ ಎಂಬ ಪದ ಅರ್ಥವಾಗದೆ ಆಪಾ ಒಂದು ವಾರ ಒದ್ದಾಡಿದಳು. ಚೀಟಿ ಎತ್ತುವುದು ಎಂದಾಗ ಅಬ್ಬಾಗೆ ಒಂದು ನಿಮಿಷದಲ್ಲಿ ಅರ್ಥವಾಯಿತು. ನಮ್ಮೂರಿನಲ್ಲಿ ಚೀಟಿ ಹಣ ಯಾರಿಗೆ ಎಂದು ನಿರ್ಧರಿಸುವುದೂ ಹಾಗೇ ತಾನೆ? ಮುಖ ನೋಡಿ ಮಣೆ ಹಾಕಬಾರದು ಎಂದು ಚೀಟಿ ಎತ್ತುತ್ತೇವೆ. ಹೊಲದಲ್ಲೂ ಮಣ್ಣಿನ ಮುಖ ನೋಡಿ ಮಣೆ ಹಾಕಬಾರದು. ಇದನ್ನು ಕನ್ನಡದಲ್ಲಿ ಹೇಳಬಲ್ಲವರು ಇದ್ದರೆ ಎಷ್ಟೋ ರೈತರ ದುಡ್ಡು ಉಳಿಯುತ್ತದೆ.

ಕಳೆದ ವರ್ಷ ಅದನ್ನು ನಮ್ಮ ಹೊಲದಲ್ಲಿ ಮಾಡಿ ನೋಡಿದೆವು. ಮನೆಯಲ್ಲಿ ಉಳಿದಿದ್ದ ಪುಡಿಯನ್ನೇ ಬಳಸಿದೆವು. ಬಿತ್ತನೆಗೆ ವಾರ ಮುಂಚೆ ಆಪಾ ಹೊಲವನ್ನು ಕೆರೆಯ ಕಡೆಯಿಂದ ಮೇಲಕ್ಕೆ ನಾಲ್ಕು ಪಟ್ಟಿ ಮಾಡಿಸಿದಳು. ಒಂದು ಪಟ್ಟಿಯೊಳಗೆ ನೆಲ ಹೆಚ್ಚುಕಡಿಮೆ ಒಂದೇ ತರಹ ಇತ್ತು. ಪ್ರತಿ ಪಟ್ಟಿಯನ್ನೂ ಸಮನಾಗಿ ಎಡ, ಬಲ ಎಂದು ಎರಡು ಭಾಗ ಮಾಡಿ, ಯಾವ ಭಾಗಕ್ಕೆ ಪುಡಿ ಎಂದು ನಾಣ್ಯ ಚಿಮ್ಮಿದೆವು. ನಾಣ್ಯ ಚಿಮ್ಮಿದ್ದು ನನ್ನ ಪುಟ್ಟ ತಮ್ಮ. ಅಕ್ಕಡಿ ಸಾಲು, ಕಳೆ, ಮೇಲುಗೊಬ್ಬರ ಎಲ್ಲ ಎರಡೂ ಕಡೆ ಒಂದೇ ರೀತಿ. ಕಟಾವಿನಲ್ಲಿ ಎಂಟು ತಾಕುಗಳ ರಾಗಿಯನ್ನೂ ಬೇರೆ ಬೇರೆ ಬಡಿದು ತೂಗಿದೆವು. ಎರಡು ಪಟ್ಟಿಯಲ್ಲಿ ಪುಡಿ ಹಾಕಿದ ಕಡೆ ಸ್ವಲ್ಪ ಹೆಚ್ಚು, ಎರಡು ಪಟ್ಟಿಯಲ್ಲಿ ಸ್ವಲ್ಪ ಕಡಿಮೆ.

"ನಾಲ್ಕೂ ಪಟ್ಟಿಯಲ್ಲಿ ಪುಡಿಯೇ ಗೆದ್ದಿದ್ದರೆ ನಂಬಬಹುದಿತ್ತಾ?" ಎಂದು ನಾನು ಕೇಳಿದೆ. ಆಪಾ ನಾಣ್ಯ ನನ್ನ ಕೈಗೆ ಕೊಟ್ಟಳು. ಪುಡಿಯಲ್ಲಿ ಏನೂ ಸತ್ವ ಇಲ್ಲದಿದ್ದರೂ ನಾಲ್ಕು ಸಲ ಚಿಮ್ಮಿದಾಗ ನಾಲ್ಕೂ ಸಲ ಅದರ ಕಡೆಗೇ ಬೀಳುವ ಸಾಧ್ಯತೆ 16ರಲ್ಲಿ 1. ಅಷ್ಟು ಅಪರೂಪವೇನಲ್ಲ. ಎಂಟು ಪಟ್ಟಿಯಲ್ಲಿ ಎಂಟೂ ಗೆದ್ದರೆ 256ರಲ್ಲಿ 1. ಆಗ ಪುಡಿಯಲ್ಲಿ ಏನೋ ಇದೆ ಎಂದು ಒಪ್ಪಬಹುದು. ಗೆಳೆಯರೇ, ನಾವು ಪಿಯುಸಿಯಲ್ಲಿ ಸಂಭವನೀಯತೆ ಅಧ್ಯಾಯವನ್ನು ಎಷ್ಟು ಅಂಕಕ್ಕೆ ಬರುತ್ತದೆ ಎಂದು ನೋಡಿ ಓದುತ್ತೇವೆ. ಆ ದಿನ ಕಣದಲ್ಲಿ ಕೂತು, ಆ ಅಧ್ಯಾಯ ಯಾತಕ್ಕಿದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಎಲ್ಲರೂ ಸಂಶೋಧಕರಾಗುವುದಿಲ್ಲ, ನಮಗೇಕೆ ಇದು ಎನ್ನುವವರಿಗೆ ಇನ್ನೊಂದು ಮಾತು. ಬೆಳೆ ವಿಮೆ ಕಟ್ಟಿದ ರೈತರು ನಮ್ಮ ಮನೆಗಳಲ್ಲೇ ಇದ್ದಾರೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ಬರುವುದೋ ಇಲ್ಲವೋ ಎಂಬುದು ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ. ಪಂಚಾಯಿತಿ ಮಟ್ಟದಲ್ಲಿ ವಿಮೆಗೆ ಸೇರಿದ ಮುಖ್ಯ ಬೆಳೆಗೆ ಒಂದು ಪಂಚಾಯಿತಿಯಲ್ಲಿ ಕನಿಷ್ಠ 4 ಕಡೆ ಕಟಾವು ಮಾಡಿ ತೂಗುತ್ತಾರೆ. ರಾಗಿಯಾದರೆ ಪ್ರತಿಯೊಂದೂ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ನಾಲ್ಕು ಚೌಕ ಸೇರಿದರೆ 100 ಚದರ ಮೀಟರ್, ಅಂದರೆ ಸುಮಾರು ಒಂದು ಗುಂಟೆ. ಒಂದು ಗುಂಟೆಯ ರಾಗಿ ಇಡೀ ಪಂಚಾಯಿತಿಯ ರಾಗಿಯ ಪರವಾಗಿ ಸಾಕ್ಷಿ ಹೇಳುತ್ತದೆ.

ಅದು ತಪ್ಪಲ್ಲ. ನಮ್ಮ ಕೆಜಿಎಫ್ ಗಣಿಗಳು 2001ರಲ್ಲಿ ಮುಚ್ಚುವವರೆಗೂ ಕಲ್ಲಿನಲ್ಲಿ ಎಷ್ಟು ಚಿನ್ನ ಇದೆ ಎಂದು ತಿಳಿಯಲು ಬಂಡೆಯನ್ನೆಲ್ಲ ಅರೆದು ನೋಡಬೇಕಿರಲಿಲ್ಲ, ಅಲ್ಲಲ್ಲಿ ತೆಗೆದ ಮಾದರಿ ಸಾಕಿತ್ತು. ಅಮ್ಮಿ ಮದುವೆ ಮನೆಯ ದೇಗಿನಲ್ಲಿ ಅನ್ನ ಬೆಂದಿದೆಯೇ ಎಂದು ನಾಲ್ಕು ಅಗುಳು ಹಿಚುಕಿ ಹೇಳುತ್ತಾರೆ. ಆದರೆ ಆ ಅಗುಳನ್ನು ಬರೀ ಮೇಲಿನಿಂದ ತೆಗೆಯುವುದಿಲ್ಲ, ಬರೀ ತಳದಿಂದಲೂ ತೆಗೆಯುವುದಿಲ್ಲ. ಅದಕ್ಕೇ ಕಟಾವಿನ ಹೊಲವನ್ನೂ, ಹೊಲದೊಳಗಿನ ಚೌಕವನ್ನೂ ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸಬೇಕೆಂಬ ನಿಯಮ ಇರುವುದು. 1940ರ ದಶಕದಲ್ಲಿ ಸುಖಾತ್ಮೆಯವರಂಥವರು ದೇಶದ ಹಳ್ಳಿಗಳಲ್ಲಿ ಈ ವಿಧಾನವನ್ನು ನಡೆಸಿ ತೋರಿಸಿದರು. ದಾರಿ ಪಕ್ಕದ ಹಸಿರು ತಾಕನ್ನೇ ಆರಿಸಿದರೆ ಒಣಗಿದ ಮೇಲಿನ ಹೊಲದವನಿಗೆ ಪರಿಹಾರ ತಪ್ಪುತ್ತದೆ. ಪ್ರಯೋಗ ನಡೆಯುವಾಗ ಪಕ್ಕದಲ್ಲಿ ನಿಂತು, ಈ ಚೌಕ ಯಾವ ಸಂಖ್ಯೆಯಿಂದ ಬಂತು ಸರ್ ಎಂದು ವಿನಯದಿಂದ ಕೇಳಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಊರಿನಲ್ಲಿ ಇದ್ದರೆ ಅದು ಊರಿಗೇ ಬಲ.

ಬೆಳೆ ಸಮೀಕ್ಷೆಯ ಆ್ಯಪ್ ಹಿಡಿದು ಹೊಲ ಹೊಲ ಸುತ್ತುವವರಲ್ಲೂ ನಮ್ಮ ವಯಸ್ಸಿನ ಊರಿನ ಹುಡುಗರೇ ಹೆಚ್ಚು. ಅವರು ಚಹಾ ಅಂಗಡಿಯಲ್ಲಿ ಕೂತು ಅಂದಾಜಿನಲ್ಲಿ ತುಂಬಿದರೆ ಆ ತಪ್ಪನ್ನು ಬೆಂಗಳೂರಿನ ಯಾವ ವಿಜ್ಞಾನಿಯೂ ತಿದ್ದಲಾರ. ಅಂಕಿ ಹುಟ್ಟುವುದು ಹೊಲದಲ್ಲಿ. ತರಬೇತಿ ಮಾತ್ರ ಆ ಅಂಕಿಯ ಕೊನೆಯ ಮೆಟ್ಟಿಲಲ್ಲಿ ನಿಂತವರಿಗೆ ಸಿಗುತ್ತಿದೆ. ಮೊದಲ ಮೆಟ್ಟಿಲಲ್ಲಿ ನಿಂತಿರುವ ನಮಗೂ ಅದು ಬೇಕು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಾಲೇಜಿನ ಮಾತಿಗೆ ಬರುತ್ತೇನೆ. ನಮ್ಮ ಸ್ಟ್ಯಾಟ್ಸ್ ತರಗತಿಯಲ್ಲಿ ನಾವು ಬೆರಳೆಣಿಕೆಯಷ್ಟು ಜನ. ಸ್ಟ್ಯಾಟ್ಸ್ ತೆಗೆದುಕೊಂಡರೆ ಏನು ಸಿಗುತ್ತದೆ ಎಂದು ಕೇಳುವವರೇ ಹೆಚ್ಚು. ಜೀವಶಾಸ್ತ್ರ ತೆಗೆದುಕೊಂಡು ಕೃಷಿ ಕೋಟಾದಲ್ಲಿ ಬಿ.ಎಸ್ಸಿ. ಅಗ್ರಿಗೆ ಹೋಗಬೇಕೆಂದಿರುವ ಗೆಳೆಯರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಸಂಖ್ಯಾಶಾಸ್ತ್ರ ಎದುರಾದಾಗ ಆಪಾಳ ಹಾಗೆ ಬಾಯಿಪಾಠ ಮಾಡುವ ಬದಲು ಇಲ್ಲೇ ಕೈಯಾಡಿಸಿ ನೋಡಬಹುದು. ಗುರುಗಳ ಮುಂದೆಯೂ ಸಹಪಾಠಿಗಳ ಮುಂದೆಯೂ ನಾಲ್ಕು ಸಲಹೆ ಇಡುತ್ತೇನೆ. ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

ಒಂದು, 'ಸ್ವಯಂ'ನ ಒಂದು ಪಾಠವನ್ನು ಒಬ್ಬೊಬ್ಬರೇ ಫೋನಿನಲ್ಲಿ ನೋಡುವ ಬದಲು ಶನಿವಾರ ಮಧ್ಯಾಹ್ನ ಕಾಲೇಜಿನ ದೊಡ್ಡ ಪರದೆಯಲ್ಲಿ ಎಲ್ಲರೂ ಸೇರಿ ನೋಡೋಣ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನಮ್ಮ ಸರ್ ಕನ್ನಡದಲ್ಲಿ ವಿವರಿಸಲಿ. ಮನೆಯಲ್ಲಿ ಸ್ವಂತ ಫೋನ್ ಇಲ್ಲದ ಹೆಣ್ಣುಮಕ್ಕಳಿಗೆ ಇದರಿಂದ ಹೆಚ್ಚು ಉಪಯೋಗ.

ಎರಡು, ರೈತ ಕುಟುಂಬದಿಂದ ಬರುವ ಪ್ರತಿಯೊಬ್ಬರೂ ಮನೆಯಲ್ಲಿ ಅನುಮತಿ ಕೇಳಿ ಎಂಟು ಸಣ್ಣ ತಾಕುಗಳ ಒಂದು ಪ್ರಯೋಗ ಮಾಡೋಣ. ಸಾಲಿನ ಅಂತರವೋ, ಬೀಜೋಪಚಾರವೋ, ಯಾವುದಾದರೂ ಒಂದೇ ವಿಷಯ ಸಾಕು. ಹೊಲ ಇಲ್ಲದವರು ಹೊಲ ಇರುವ ಗೆಳೆಯರ ಜೊತೆ ಸೇರಿ ತೂಕ ಬರೆದುಕೊಳ್ಳಲಿ.

ಮೂರು, ಗೋಡೆಯ ಮೇಲೆ ವಾರಕ್ಕೊಂದು ಪದ ಬರೆಯೋಣ. ಇಂಗ್ಲಿಷ್ ಪದ ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಪಠ್ಯದ ಪದ, ಅದರ ಪಕ್ಕದಲ್ಲಿ ನಮ್ಮ ಅಜ್ಜಿಗೂ ಅರ್ಥವಾಗುವ ಪದ.

ನಾಲ್ಕು, ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕೆ ಕಾಲೇಜೂ ಇವೆ. ಅಲ್ಲಿಂದ ಒಬ್ಬರನ್ನು ಕರೆಸಿ, ಬಿತ್ತನೆಗೆ ಮೊದಲೇ ನಮ್ಮ ನಕ್ಷೆಗಳನ್ನು ತೋರಿಸೋಣ. ಕಟಾವಾದ ಮೇಲೆ ಕರೆಸಿದರೆ ಶವಪರೀಕ್ಷೆಯೇ ಗತಿ.

ದಿನವೂ ಕೂಡಿಬಂದಿದೆ. ಜೂನ್ 29 ಮಹಾಲನೋಬಿಸ್ ಅವರ ಜನ್ಮದಿನ, 2007ರಿಂದ ಅದನ್ನು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸುತ್ತಾರೆ. ನಮ್ಮ ಕಡೆ ರಾಗಿ ಬಿತ್ತನೆ ಜೋರಾಗುವುದು ಜುಲೈನಲ್ಲಿ. ಆ ದಿನ ಭಾಷಣ ಮಾಡಿ ಹಾರ ಹಾಕುವ ಬದಲು ಪ್ರತಿಯೊಬ್ಬರೂ ತಮ್ಮ ಎಂಟು ತಾಕಿನ ನಕ್ಷೆ ತಂದು ಕಾಲೇಜಿನಲ್ಲೇ ಚೀಟಿ ಎತ್ತಿದರೆ ಹೇಗೆ? ಡಿಸೆಂಬರ್ ಹೊತ್ತಿಗೆ ನಮ್ಮ ಕೈಯಲ್ಲಿ ನಮ್ಮದೇ ಮಣ್ಣಿನ ಅಂಕಿಗಳು ಇರುತ್ತವೆ. ಅವು ಏನು ಹೇಳುತ್ತವೋ ಅದನ್ನು ಈ ವಾರ್ತಾಪತ್ರದಲ್ಲೇ ಅಚ್ಚು ಹಾಕೋಣ. ಲಾಭ ಬಂದದ್ದನ್ನೂ ಬರೆಯೋಣ, ಏನೂ ವ್ಯತ್ಯಾಸ ಕಾಣದ್ದನ್ನೂ ಬರೆಯೋಣ. ಏನೂ ವ್ಯತ್ಯಾಸ ಇಲ್ಲ ಎಂಬ ಸುದ್ದಿ ಮೊದಲೇ ಸಿಕ್ಕಿದ್ದರೆ ನಮ್ಮ ಬೀದಿಯ ನಾಲ್ಕು ಮನೆಗಳ ಸಾಲ ಉಳಿಯುತ್ತಿತ್ತು.

ಅಬ್ಬಾ ಈಗಲೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಕಳೆದ ವರ್ಷದ ಎಂಟು ತೂಕಗಳನ್ನು ಬರೆದುಕೊಂಡ ಮೇಲೆ ಅವರೇ ಚಾಚಾನ ಮನೆಗೂ ಆ ಇಬ್ಬರ ಮನೆಗೂ ಹೋದರು. ಪುಡಿ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಈ ಸಲ ತರಬೇಡಿ ಎಂದು ಹೇಳಿ ಬಂದರು. ತನ್ನ ಲೆಕ್ಕ ತಪ್ಪು ಎಂದು ನಾಲ್ಕು ಜನರ ಮುಂದೆ ಹೇಳುವುದು ಸುಲಭವಲ್ಲ. ಚಾಚಾ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಭಾಯ್, ಈ ಸಲ ನನ್ನ ಹೊಲದಲ್ಲೂ ಪಟ್ಟಿ ಎಳೆಸಿಕೊಡಲು ಹುಡುಗಿಗೆ ಹೇಳಿ," ಎಂದರಂತೆ.

ಆಪಾ ಈಗ ಬೆಂಗಳೂರಿನಲ್ಲಿದ್ದಾಳೆ, ಬಿತ್ತನೆಗೆ ಬರಲು ಅವಳಿಗೆ ರಜೆ ಸಿಗುವುದಿಲ್ಲ. ಚಾಚಾನ ಹೊಲದ ಪಟ್ಟಿಗಳನ್ನು ಈ ವರ್ಷ ನಾನೇ ಎಳೆಸಬೇಕು. ಜೊತೆಗೆ ಬರುವವರು ಸ್ಟ್ಯಾಟ್ಸ್ ತರಗತಿಯಲ್ಲಿ ನನಗೆ ಹೆಸರು ಕೊಡಿ. ನನ್ನ ಮಾತಿನಲ್ಲಿ ತಪ್ಪು ಕಂಡವರು ಸಂಪಾದಕ ಮಂಡಳಿಗೆ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಅದನ್ನೂ ಓದೋಣ.